ಮೇಲಿನ ಹಾಸಿಗೆ ಯಾರಿಗೆ

ಹಡಗಿನ ಕೋಣೆಯ ಬಾಗಿಲು ತೆರೆದದ್ದೇ ತಡ, ನರ್ಸಮ್ಮನವರ ಕಣ್ಣು ಹಾಸಿಗೆಗಳನ್ನು ಹುಡುಕಿತು. ಕೆಲಸದಲ್ಲಿದ್ದಷ್ಟು ಕಾಲವನ್ನೂ ಹೆರಿಗೆ ವಾರ್ಡಿನಲ್ಲೇ ಕಳೆದವರಿಗೆ ಕೋಣೆ ಎಂದರೆ ಮೊದಲು ಹಾಸಿಗೆ. ಕಿಟಕಿ, ಪರದೆ, ಗೋಡೆಯ ಚಿತ್ರ ಎಲ್ಲ ಆಮೇಲಿನ ಮಾತು. ಎದುರಿಗೆ ಒಂದಕ್ಕೊಂದು ಅಂಟಿಸಿಟ್ಟ ಎರಡು ಮಂಚ, ಕಿಟಕಿಯ ಕೆಳಗೆ ಒಂದು ಸೋಫಾ. ಬಂದವರು ಐವರು. ಒಳಕೋಣೆ ಇದ್ದರೂ ಇರಬಹುದೆಂದು ಪಕ್ಕದ ಬಾಗಿಲು ತೆಗೆದು ನೋಡಿದರು. ಅದು ಬಚ್ಚಲು.

“ಎಲ್ಲ ಸರಿಹೋಗುತ್ತೆ ಅತ್ತೆ, ನೋಡ್ತಾ ಇರಿ,” ಎಂದ ಅಳಿಯ. ಅವನು ಲಿಫ್ಟ್ ಮೆಕ್ಯಾನಿಕ್. ಸಣ್ಣ ಪೆಟ್ಟಿಗೆಯೊಳಗೆ ಜನರನ್ನು ತುಂಬುವುದೆಂದರೆ ಅವನಿಗೆ ಎಳ್ಳಷ್ಟೂ ಅಳುಕಿಲ್ಲ.

ಅವನು ಅತ್ತೆ ಎಂದದ್ದಕ್ಕೆ ನರ್ಸಮ್ಮ ಮಾತ್ರವಲ್ಲ, ಬಾಗಿಲ ಬಳಿ ಕೈಚೀಲ ಹಿಡಿದು ನಿಂತಿದ್ದ ಅವನ ತಾಯಿ ಹೆಡ್‌ಮೇಡಂ ಕೂಡ ತಿರುಗಿದರು. ಆ ವಾರವಿಡೀ ಹೀಗೇ ಆಯಿತು. ಅಳಿಯ ಅಮ್ಮ ಎಂದು ಕರೆದರೆ ಹೆಡ್‌ಮೇಡಂ, ಮಗಳು ಅಮ್ಮ ಎಂದು ಕರೆದರೆ ನರ್ಸಮ್ಮ. ಅತ್ತೆ ಎಂದರೆ ಅದೇ ತಿರುಗುಮುರುಗು. ಆದರೆ ದನಿ ಕಿವಿಗೆ ಬಿದ್ದೊಡನೆ ಎರಡು ತಲೆಯೂ ಒಟ್ಟಿಗೇ ತಿರುಗುತ್ತಿದ್ದವು. ಐದು ವರ್ಷದ ಮೊಮ್ಮಗಳು ಮಾತ್ರ ಗೊಂದಲವಿಲ್ಲದೆ ನರ್ಸಜ್ಜಿ, ಮೇಡಂ ಅಜ್ಜಿ ಎಂದು ಹೆಸರು ಹಂಚಿಬಿಟ್ಟಿದ್ದಳು. ಆ ಮಗುವನ್ನು ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಬುಗುರಿ ಎಂದು. ಹಗಲು ಶಾಂತವಾಗಿಯೇ ಇರುವ ಹುಡುಗಿ. ನಿದ್ದೆ ಹತ್ತಿದರೆ ಮಾತ್ರ ಹಾಸಿಗೆಯ ಮೇಲೆ ಸುತ್ತಲು ಶುರುಮಾಡುತ್ತಿದ್ದಳು. ದಿಂಬಿನ ಕಡೆ ತಲೆಯಿಟ್ಟು ಮಲಗಿದವಳು ಬೆಳಗಾಗುವಷ್ಟರಲ್ಲಿ ಎಲ್ಲ ದಿಕ್ಕುಗಳನ್ನೂ ಒದ್ದು ಮುಗಿಸಿರುತ್ತಿದ್ದಳು.

ಬೀಗಿತ್ತಿಯರಿಬ್ಬರ ನಡುವೆ ಜಗಳವೇನೂ ಇರಲಿಲ್ಲ. ಜಗಳವಾದರೂ ಇದ್ದಿದ್ದರೆ ಮಾತು ಬೆಳೆಯುತ್ತಿತ್ತು. ಇದ್ದದ್ದು ಬರೀ ಉಪಚಾರ. ಹೆಡ್‌ಮೇಡಂ ದೊಡ್ಡ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಇವತ್ತಿಗೂ ಅವರು ನಡೆದರೆ ಎರಡೂ ಬದಿಯಲ್ಲಿ ಮಕ್ಕಳು ಸಾಲಾಗಿ ನಿಂತಿದ್ದಾರೇನೋ ಎನ್ನಿಸುತ್ತಿತ್ತು. ಅವರ ಯಜಮಾನರಿಗೆ ಬಸ್ಸು ಹತ್ತಿದರೇ ತಲೆಸುತ್ತು, ಹಾಗಾಗಿ ಹಡಗಿನ ಮಾತೆತ್ತಿದಾಗ ಗಿಡಗಳಿಗೆ ನೀರು ಹಾಕುವವರು ಯಾರು ಎಂದು ಜಾರಿಕೊಂಡಿದ್ದರು. ನರ್ಸಮ್ಮನವರ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳ ಮದುವೆಯಾದಂದಿನಿಂದ ಈ ಇಬ್ಬರು ಹೆಂಗಸರು ಭೇಟಿಯಾದಾಗಲೆಲ್ಲ ನೀವು ಮೊದಲು ಕೂತ್ಕೊಳ್ಳಿ, ಇಲ್ಲ ನೀವು ಎನ್ನುತ್ತ ನಿಂತೇ ಇರುತ್ತಿದ್ದರು. ಕಾಫಿಯ ಲೋಟವನ್ನು ಅವರು ಇವರ ಕಡೆಗೆ, ಇವರು ಅವರ ಕಡೆಗೆ ತಳ್ಳಿ ತಳ್ಳಿ ಕೊನೆಗೆ ಅದು ಯಾರಿಗೂ ಬೇಡವಾಗುವಷ್ಟು ಆರಿಹೋಗುತ್ತಿತ್ತು. ಎರಡು ಕೋಣೆ ಹಿಡಿದರೆ ಇವರಿಬ್ಬರೂ ಒಂದರಲ್ಲಿ ಮಾತಿಲ್ಲದೆ ಕೂತುಬಿಡುತ್ತಾರೆ, ಎಲ್ಲರೂ ಒಂದೇ ಕಡೆ ಇರೋಣ ಎಂದು ಹಟ ಹಿಡಿದವಳು ನರ್ಸಮ್ಮನವರ ಮಗಳೇ.

ಅಷ್ಟರಲ್ಲಿ ಕೋಣೆಗಳನ್ನು ನೋಡಿಕೊಳ್ಳುವ ಹೆಂಗಸು ನಗುತ್ತ ಒಳಗೆ ಬಂದಳು. ಸೊಂಟದ ಗೊಂಚಲಿನಿಂದ ಚಿಕ್ಕ ಕೀಲಿಯೊಂದನ್ನು ಆರಿಸಿ, ಸೋಫಾದ ಮೇಲೆ ಚಾವಣಿಯಲ್ಲಿದ್ದ ತೂತಿಗೆ ಹಾಕಿ ತಿರುಗಿಸಿದಳು. ಬರೀ ಹಲಗೆ ಎಂದುಕೊಂಡಿದ್ದದ್ದು ಬಾಯಿ ತೆರೆಯಿತು. ಹಾಸು, ಹೊದಿಕೆ, ದಿಂಬುಗಳ ಸಮೇತ ಒಂದು ಹಾಸಿಗೆ ಮೆಲ್ಲಗೆ ಕೆಳಗಿಳಿದು ತಲೆಯೆತ್ತರದಲ್ಲಿ ನಿಂತಿತು. ಅದಕ್ಕೊಂದು ಪುಟ್ಟ ಏಣಿ ಸಿಕ್ಕಿಸಿದಳು. ಆಮೇಲೆ ಸೋಫಾದ ಹೊಟ್ಟೆಯಿಂದ ಮಡಚಿಟ್ಟ ಇನ್ನೊಂದು ಹಾಸಿಗೆಯನ್ನು ಎಳೆದಳು, ಅದು ಇಬ್ಬರು ಮಲಗುವಷ್ಟು ಅಗಲವಾಯಿತು. ಅಷ್ಟಾಗುವಾಗ ಕೋಣೆಯ ನೆಲವೆಲ್ಲ ಮಾಯವಾಗಿ, ಬಚ್ಚಲಿಗೆ ಹೋಗಬೇಕಾದರೆ ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕಾಯಿತು. ಬುಗುರಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿ, ಆ ಹೆಂಗಸಿಗೆ ಕೀಲಿಯಕ್ಕ ಎಂದು ಅಲ್ಲೇ ನಾಮಕರಣ ಮಾಡಿದಳು.

ಅಳಿಯನ ಯೋಜನೆ ಸೊಗಸಾಗಿಯೇ ಇತ್ತು. ಮಂಚಗಳನ್ನು ಬೇರೆ ಮಾಡಿ ಅಮ್ಮಂದಿರಿಬ್ಬರಿಗೆ ಒಂದೊಂದು, ಸೋಫಾದ ಮೇಲೆ ಗಂಡ ಹೆಂಡತಿ, ಮೇಲೆ ಬುಗುರಿ. ಆದರೆ ಕೀಲಿಯಕ್ಕ ತಲೆಯಾಡಿಸಿದಳು. ಇಷ್ಟು ಚಿಕ್ಕ ಮಕ್ಕಳನ್ನು ಮೇಲೆ ಮಲಗಿಸುವಂತಿಲ್ಲವಂತೆ, ಹಡಗಿನ ನಿಯಮ. ಸುತ್ತುವ ಮಗು ಎಂದು ಗೊತ್ತಾದ ಮೇಲಂತೂ ಅವಳು ಏಣಿಯನ್ನೇ ಮಗುವಿನಿಂದ ದೂರ ಸರಿಸಿದಳು. ಹಾಗಾದರೆ ನಾನು ನೆಲದ ಮೇಲೆ ಹಾಸಿಕೊಳ್ಳುತ್ತೇನೆ ಎಂದ ಅಳಿಯ. ಅದಕ್ಕೂ ಇಲ್ಲ, ಅವಸರಕ್ಕೆ ಹೊರಗೆ ಓಡಬೇಕಾದರೆ ದಾರಿ ಬಿಟ್ಟಿರಬೇಕು.

ಕೊನೆಗೆ ಅವನೇ ಮೇಲೆ ಹತ್ತಿದ. ಬಾಗಿಲುಗಳಿಗೆಲ್ಲ ತಲೆ ತಗ್ಗಿಸಿಯೇ ಬದುಕಿದ ಎತ್ತರದ ಆಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ, ಸರಿ, ಆದರೆ ಉಳಿದ ಕಾಲನ್ನು ಎಲ್ಲಿಡಬೇಕೆಂದು ಅವರು ಹೇಳಿರಲಿಲ್ಲ. ಚಾಚಿದರೆ ಪಾದಗಳು ಅಂಚಿನಿಂದಾಚೆ ನೇತಾಡಿದವು, ಮಡಚಿದರೆ ಮಂಡಿ ಚಾವಣಿಗೆ ಬಡಿಯಿತು. ಮಗ್ಗುಲು ಬದಲಿಸಬೇಕೆಂದರೆ ಕೆಳಗಿಳಿದು ತಿರುಗಿಕೊಂಡು ಮತ್ತೆ ಹತ್ತಬೇಕಿತ್ತು. ಅದನ್ನೂ ಮಾಡಿ ತೋರಿಸಿದ. ಬುಗುರಿ ಚಪ್ಪಾಳೆ ತಟ್ಟಿದಳು.

“ನೀನು ಹತ್ತು,” ಎಂದ ಹೆಂಡತಿಗೆ, ಅಭ್ಯಾಸಬಲದಿಂದ. ಹೇಳಿದ ಮರುಕ್ಷಣವೇ ನಾಲಗೆ ಕಚ್ಚಿಕೊಂಡದ್ದನ್ನು ನರ್ಸಮ್ಮ ನೋಡಿದರು.

“ನನಗೆ ಬೇಡಪ್ಪ. ಅಲ್ಲಿ ಉಸಿರು ಕಟ್ಟುತ್ತೆ,” ಎಂದಳು ಮಗಳು, ಕಿಟಕಿಯ ಕಡೆ ಮುಖ ತಿರುಗಿಸಿ.

ನರ್ಸಮ್ಮ ಹೊದಿಕೆ ಮಡಚುತ್ತಿದ್ದ ಕೈ ನಿಲ್ಲಿಸಿದರು. ಮಗಳು ಬೋರ್ಡು ಬರೆಯುವ ಪೇಂಟರ್. ಅಂಗಡಿಗಳ ಹೆಸರಿನಿಂದ ಹಿಡಿದು ಗೋಡೆಯಗಲದ ಚಿತ್ರಗಳವರೆಗೆ ಎಲ್ಲ ಬರೆಯುತ್ತಾಳೆ. ಏಣಿಯೇ ಅವಳ ಆಫೀಸು. ಮೂರು ಮಹಡಿ ಎತ್ತರದ ಸಾರುವೆಯ ಮೇಲೆ ಕಾಲು ಇಳಿಬಿಟ್ಟು ಕೂತು ಊಟ ಮಾಡುವವಳಿಗೆ ತಲೆಯೆತ್ತರದ ಹಾಸಿಗೆಯಲ್ಲಿ ಉಸಿರು ಕಟ್ಟುತ್ತದೆಯಂತೆ. ಬೆಳಿಗ್ಗೆ ಬಂದರಿನಲ್ಲಿ ಕಾಫಿಯನ್ನು ಮೂಸಿ ಪಕ್ಕಕ್ಕಿಟ್ಟದ್ದು ನೆನಪಾಯಿತು. ಕಣ್ಣಿನ ಕೆಳಗಿನ ಬಣ್ಣ, ತುಸು ಊದಿದ ಮುಖ, ಆಗಾಗ ಗೋಡೆಗೆ ಒರಗುವ ರೀತಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಎಷ್ಟು ಸಾವಿರ ಬಸುರಿಯರು ಆ ಕಣ್ಣೆದುರು ಹಾದುಹೋಗಿದ್ದರೋ. ತನ್ನ ಮಗಳ ವಿಷಯ ಇಷ್ಟು ತಡವಾಗಿ ಹೊಳೆಯಿತಲ್ಲ ಎಂದು ಅವರಿಗೆ ಒಳಗೊಳಗೇ ಸಂಕೋಚವಾಯಿತು.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಹೊರಟವರು ಮತ್ತೆ ಹೊದಿಕೆ ಮಡಚತೊಡಗಿದರು. ಉತ್ತರ ಅವರಿಗೆ ಗೊತ್ತಿತ್ತು. ಹೋದ ವರ್ಷ ಇಂಥದೇ ಸುದ್ದಿಯನ್ನು ಮಗಳು ತಿಳಿದ ದಿನವೇ ಊರಿಗೆಲ್ಲ ಹಂಚಿದ್ದಳು. ಕೆಲವೇ ವಾರಗಳಲ್ಲಿ ಅದು ಕೈಜಾರಿತು. ಹೊಟ್ಟೆಯ ನೋವು ಬೇಗ ಹೋಯಿತು. ಹಂಚಿದವರಿಗೆಲ್ಲ ಮತ್ತೊಮ್ಮೆ ಫೋನು ಮಾಡಿ ಇಲ್ಲ ಎಂದು ಹೇಳಬೇಕಾದ ನೋವು ಬೇಗ ಹೋಗಲಿಲ್ಲ. ಈ ಸಲ ಅವಳು ಕಾಯುತ್ತಿದ್ದಾಳೆ. ಕಾಯಲಿ. ಅವಳಾಗಿ ಹೇಳುವ ತನಕ ತಾನು ತುಟಿ ಪಿಟಕ್ಕೆನ್ನಬಾರದು ಎಂದು ನರ್ಸಮ್ಮ ನಿಶ್ಚಯಿಸಿದರು. ಆದರೆ ಮೇಲಿನ ಹಾಸಿಗೆಯ ವಿಷಯ ಹಾಗೆ ಬಿಡುವಂತಿರಲಿಲ್ಲ.

“ನಾನೇ ಮಲಗ್ತೀನಿ ಮೇಲೆ,” ಎಂದರು.

“ಛೆ, ನೀವ್ಯಾಕೆ ನರ್ಸಮ್ಮನವರೇ? ನಾನಿದ್ದೀನಲ್ಲ,” ಎಂದರು ಹೆಡ್‌ಮೇಡಂ, ಕೈಚೀಲ ಕೆಳಗಿಟ್ಟು.

ಶುರುವಾಯಿತಲ್ಲ ಉಪಚಾರ ಎಂದುಕೊಂಡರು ನರ್ಸಮ್ಮ. ನಿಮ್ಮ ಮಂಡಿ ಎಂದರು ಇವರು, ನಿಮ್ಮ ಬೆನ್ನು ಎಂದರು ಅವರು. ನನಗೆ ವಾರ್ಡಿನಲ್ಲಿ ಸ್ಟೂಲಿನ ಮೇಲೂ ನಿದ್ದೆ ಮಾಡಿ ರೂಢಿ ಎಂದರು ಇವರು, ನನಗೆ ಎತ್ತರದ ವೇದಿಕೆ ರೂಢಿ ಎಂದರು ಅವರು. ಊಟದ ಗಂಟೆ ಹೊಡೆಯುವ ತನಕ ತೀರ್ಮಾನವಾಗಲಿಲ್ಲ. ಕೆಳಗಿನ ಒಳ್ಳೆಯ ಮಂಚ ಎರಡೂ ಬೇಡವಾದ ಮಕ್ಕಳ ಹಾಗೆ ಬಿದ್ದುಕೊಂಡಿದ್ದವು. ಊಟವಾಗಿ ಬಂದ ಮೇಲೆ ಹೆಡ್‌ಮೇಡಂ ಹಲ್ಲುಜ್ಜಲು ಬಚ್ಚಲಿಗೆ ಹೋದದ್ದೇ ತಡ, ನರ್ಸಮ್ಮ ಚಪ್ಪಲಿ ಬಿಟ್ಟು ಸರಸರನೆ ಏಣಿ ಹತ್ತಿ, ಹೊದಿಕೆಯನ್ನು ಗದ್ದದ ತನಕ ಎಳೆದುಕೊಂಡು ಕಣ್ಣು ಮುಚ್ಚಿಬಿಟ್ಟರು. ಹೊರಗೆ ಬಂದ ಹೆಡ್‌ಮೇಡಂ ಒಂದು ನಿಮಿಷ ತಲೆಯೆತ್ತಿ ನೋಡಿ, ತಡವಾಗಿ ಬಂದ ಮಗುವಿನ ಕಡೆ ನೋಡುವಂತೆ ನೋಡಿ, ದೀಪ ಆರಿಸಿದರು.

ತಮಾಷೆಯೆಂದರೆ, ಮಗಳಿಗಾಗಿ ಹತ್ತಿದ ಆ ಹಾಸಿಗೆ ನರ್ಸಮ್ಮನವರಿಗೆ ಬಹಳ ಹಿಡಿಸಿತು. ಸುತ್ತ ಕಟಕಟೆ, ಮೇಲೆ ಕೈಗೆಟಕುವ ಚಾವಣಿ, ಕೆಳಗಿನಿಂದ ಎಲ್ಲರ ಉಸಿರು, ಹಡಗಿನ ಮೆಲ್ಲನೆಯ ತೂಗಾಟ. ಲೆಕ್ಕವಿಲ್ಲದಷ್ಟು ಶಿಶುಗಳನ್ನು ತೊಟ್ಟಿಲಿಗೆ ಹಾಕಿದವರು ಈ ವಯಸ್ಸಿನಲ್ಲಿ ತಾವೇ ತೊಟ್ಟಿಲು ಸೇರಿದಂತಾಯಿತು.

ಕೆಳಗಿದ್ದವರ ಪಾಡು ಅಷ್ಟು ಸುಖದ್ದಾಗಿರಲಿಲ್ಲ. ಬುಗುರಿ ಉರುಳಿ ಬೀಳಬಾರದೆಂದು ಮಂಚಗಳನ್ನು ಮತ್ತೆ ಕೂಡಿಸಿ, ಗೋಡೆಯ ಕಡೆ ಅವಳನ್ನೂ ಈಚೆ ಕಡೆ ಹೆಡ್‌ಮೇಡಂ ಅವರನ್ನೂ ಮಲಗಿಸಲಾಗಿತ್ತು. ಬೆಳಿಗ್ಗೆ ನೋಡಿದರೆ ಮಗು ಮಂಚದ ಮಧ್ಯೆ ನಕ್ಷತ್ರದ ಹಾಗೆ ಹರಡಿಕೊಂಡಿತ್ತು, ಅಜ್ಜಿ ಅಂಚಿನಲ್ಲಿ ಬಾವಲಿಯ ಹಾಗೆ ಅಂಟಿಕೊಂಡಿದ್ದರು. ಸೋಫಾದಲ್ಲಿದ್ದ ಅಳಿಯನಿಗೆ ಇನ್ನೊಂದು ಬಗೆಯ ಸುಪ್ರಭಾತ. ಹಿಮ್ಮುಖವಾಗಿ ಏಣಿಯಿಳಿದ ಅತ್ತೆಯ ಪಾದ ನೆಲವೆಂದು ತಿಳಿದು ಅವನ ಕೆನ್ನೆಯ ಮೇಲೆ ಊರಿತು. ಅವನು ನಿದ್ದೆಗಣ್ಣಿನಲ್ಲೇ ಪರವಾಗಿಲ್ಲ ಅತ್ತೆ, ಆರಾಮಾಗಿ ಇಳೀರಿ ಎಂದನಂತೆ.

ಮರುದಿನ ಮಧ್ಯಾಹ್ನ ಊಟದ ಸಾಲಿನಲ್ಲಿ ನಿಂತಿದ್ದಾಗ ಹೆಡ್‌ಮೇಡಂ ಕಾಣಿಸಲಿಲ್ಲ. ಹಸಿವಿಲ್ಲವೆಂದು ಮುಂಚೆಯೇ ಎದ್ದುಹೋಗಿದ್ದರು. ನರ್ಸಮ್ಮ ಕೋಣೆಗೆ ಬಂದು ಬಾಗಿಲು ತೆಗೆದರೆ, ಸೋಫಾ ಮಡಚಿದೆ, ಮೇಲಿನ ಹಾಸಿಗೆ ಇಳಿದಿದೆ, ಅದರ ಮೇಲೆ ಹೆಡ್‌ಮೇಡಂ ಕನ್ನಡಕ ಹಾಕಿಕೊಂಡು ಎದೆಯ ಮೇಲೆ ಪುಸ್ತಕವಿಟ್ಟುಕೊಂಡು ನೆಟ್ಟಗೆ ಮಲಗಿದ್ದಾರೆ. ರಾತ್ರಿಯ ಜಾಗಕ್ಕೆ ಹಗಲಿನಲ್ಲೇ ಟವೆಲು ಹಾಸಿದ ಹಾಗೆ. ನರ್ಸಮ್ಮನವರಿಗೆ ಸಿಟ್ಟು ಬಂತು. ನಾನು ಸುಖವಾಗಿ ನಿದ್ದೆ ಮಾಡಿದ್ದನ್ನು ನೋಡಿ ಇವರಿಗೂ ಆಸೆಯಾಯಿತು, ಇಷ್ಟೇ ಇವರ ಉಪಚಾರ ಎಂದುಕೊಂಡರು. ಬಾಯಲ್ಲಿ ಮಾತ್ರ, ಆರಾಮಾಗಿದೆಯಾ ಎಂದು ಕೇಳಿದರು. ಬಹಳ ಆರಾಮಾಗಿದೆ, ಇನ್ನು ಮುಂದೆ ನಾನು ಇಲ್ಲೇ ಎಂದು ಮೇಲಿನಿಂದ ಉತ್ತರ ಬಂತು.

ಮಗಳು, ಅಳಿಯ, ಬುಗುರಿ ಬರುವ ಹೊತ್ತಿಗೆ ಆ ಆರಾಮ ಮುಗಿದಿತ್ತು. ಹೆಡ್‌ಮೇಡಂ ಇಳಿಯಲು ಹೊರಟು, ಒಂದು ಕಾಲನ್ನು ಏಣಿಯ ಮೇಲಿಟ್ಟು, ಇನ್ನೊಂದನ್ನು ಕಟಕಟೆಯೊಳಗೇ ಮರೆತು ನಿಂತುಬಿಟ್ಟಿದ್ದರು. ಮಂಡಿ ಹಿಡಿದುಕೊಂಡಿತ್ತು. ಮೇಲೂ ಹೋಗುವಂತಿಲ್ಲ, ಕೆಳಗೂ ಬರುವಂತಿಲ್ಲ. ತೊಂದರೆಯೇನಿಲ್ಲ, ಸ್ವಲ್ಪ ಸಮುದ್ರ ನೋಡ್ತಿದ್ದೀನಿ ಎಂದು ಗೋಡೆಗೆ ಮುಖಮಾಡಿಕೊಂಡೇ ಹೇಳಿದರು.

ನರ್ಸಮ್ಮನವರಿಗೆ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ತೋಳು ಮೇಲೆ ಸರಿಸಿ ಏಣಿಯ ಬುಡಕ್ಕೆ ಬಂದರು. ಅವರಿಗೀಗ ಅಲ್ಲಿ ಬೀಗಿತ್ತಿ ಕಾಣುತ್ತಿರಲಿಲ್ಲ, ನೋವಿನಲ್ಲಿರುವ ಒಬ್ಬ ಹೆಂಗಸು ಕಾಣುತ್ತಿದ್ದಳು. ದನಿ ತಾನಾಗಿಯೇ ವಾರ್ಡಿನ ದನಿಯಾಯಿತು.

“ಬಲಗಾಲು ಸಡಿಲ ಬಿಡು. ಬಿಡು ಅಂದೆನಲ್ಲ. ಹಾಂ, ಹಾಗೆ. ಈಗ ಕೆಳಗೆ. ನಾನು ಹಿಡ್ಕೊಂಡಿದ್ದೀನಿ, ನೀನು ಬೀಳಲ್ಲ.”

ಅಳಿಯನ ಹುಬ್ಬು ಹಣೆ ದಾಟಿತು. ತನ್ನ ತಾಯಿಯನ್ನು ಯಾರಾದರೂ ನೀನು ಎಂದದ್ದನ್ನು ಅವನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಅಪ್ಪ ಕೂಡ ಹೆಸರು ಹಿಡಿಯದೆ ‘ನೋಡಿ’ ಎಂದಷ್ಟೇ ಕರೆಯುತ್ತಿದ್ದರು. ಹೆಡ್‌ಮೇಡಂ ಮಾತ್ರ ತುಟಿ ಬಿಗಿಹಿಡಿದು, ಹೇಳಿದ್ದನ್ನು ಹೇಳಿದಂತೆ ಮಾಡಿದರು. ಒಂದು ಮೆಟ್ಟಿಲು ಇಳಿದರು. ಎರಡನೆಯದಕ್ಕೆ ಕಾಲು ತುಸು ಜಾರಿತು. ಅತ್ತೆ ಬಿದ್ದೇಬಿಟ್ಟರೆಂದು ಮಗಳು ಮುಂದೆ ನುಗ್ಗಿ ಅವರ ಸೊಂಟಕ್ಕೆ ಎರಡೂ ಕೈ ಹಾಕಿ ಎತ್ತಲು ಹೋದಳು.

“ನೀನು ಎತ್ತಬೇಡ!”

ಅದು ಒಬ್ಬರ ದನಿಯಲ್ಲ, ಇಬ್ಬರದು. ಒಂದು ಏಣಿಯ ಮೇಲಿನಿಂದ, ಒಂದು ಏಣಿಯ ಬುಡದಿಂದ, ಒಂದೇ ಕ್ಷಣದಲ್ಲಿ, ಅದೇ ಮಾತು. ಮಗಳ ಕೈ ಗಾಳಿಯಲ್ಲೇ ನಿಂತಿತು. ಹೆಡ್‌ಮೇಡಂ ಗೂಬೆಯ ಹಾಗೆ ಕತ್ತು ತಿರುಗಿಸಿ ಕೆಳಗೆ ನೋಡಿದರು, ನರ್ಸಮ್ಮ ಮೇಲೆ ನೋಡಿದರು. ಇವರಿಗೂ ಗೊತ್ತು ಎಂಬುದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಹಾಗಾದರೆ ನಿನ್ನೆಯಿಂದ ನಡೆದದ್ದು ಉಪಚಾರವಲ್ಲ, ಆಸೆಯೂ ಅಲ್ಲ.

ಅಮ್ಮ ಯಾಕೆ ಎತ್ತಬಾರದು ಎಂದು ಬುಗುರಿ ಕೇಳಿದಳು. ಹೆಡ್‌ಮೇಡಂ ಏಣಿಯ ಮೇಲಿನಿಂದಲೇ ಗಂಭೀರವಾಗಿ, ಅವಳ ಕೈಗೆ ಪೇಂಟ್ ವಾಸನೆ, ನನಗಾಗಲ್ಲ ಎಂದರು. ಮಗಳು ತನ್ನ ಅಂಗೈಯನ್ನು ಮೂಸಿ ನೋಡಿಕೊಂಡಳು. ಅವಳು ಕುಂಚ ಮುಟ್ಟಿ ವಾರದ ಮೇಲಾಗಿತ್ತು.

ಇಳಿದಾದ ಮೇಲೆ ಹೆಡ್‌ಮೇಡಂ ಮಂಡಿ ನೀವಿಕೊಂಡು, ಸ್ವಲ್ಪ ಗಾಳಿ ಬೇಕು, ನರ್ಸಮ್ಮನವರೇ ಜೊತೆಗೆ ಬನ್ನಿ ಎಂದರು. ಇಬ್ಬರೂ ಮೇಲಿನ ಡೆಕ್ಕಿಗೆ ಹೋಗಿ, ಗಾಳಿಗೆ ಬೆನ್ನು ಮಾಡಿ ಎರಡು ಕುರ್ಚಿ ಹಿಡಿದರು. ಬಿಸಿಲು ಚೆನ್ನಾಗಿತ್ತು. ಯಾರೋ ಈಜುಕೊಳಕ್ಕೆ ಧುಮುಕಿ ನೀರು ಚಿಮ್ಮಿಸುತ್ತಿದ್ದರು. ಚಹಾ ಬಂತು. ಇಬ್ಬರೂ ತಮ್ಮ ತಮ್ಮ ಲೋಟವನ್ನು ತಾವೇ ಎತ್ತಿಕೊಂಡು ಕುಡಿದರು.

“ನಿಮಗೆ ಯಾವಾಗ ಗೊತ್ತಾಯ್ತು?” ಎಂದು ನರ್ಸಮ್ಮ ಕೇಳಿದರು.

“ಹಡಗು ಹತ್ತುವಾಗ. ನನ್ನ ಮಗ ಹೆಂಡತಿಯ ಕೈಚೀಲ ಹಿಡ್ಕೊಂಡಿದ್ದ. ಅವನು ಸ್ಕೂಲಿಗೆ ಹೋಗುವಾಗ ತನ್ನ ಚೀಲವನ್ನೇ ಹೊತ್ತವನಲ್ಲ.”

“ಹಾಗಾದ್ರೆ ನನಗಿಂತ ಮುಂಚೆಯೇ.” ನರ್ಸಮ್ಮನವರಿಗೆ ಇದು ಸ್ವಲ್ಪ ಚುಚ್ಚಿತು. ಹೆರಿಗೆ ವಾರ್ಡಿನವರಿಗಿಂತ ಮೊದಲು ಶಾಲೆಯವರಿಗೆ ತಿಳಿಯುವುದೆಂದರೇನು? “ನಾನು ನೋಡಿದ್ದು ಅವಳು ಏಣಿ ಬೇಡ ಅಂದಾಗ.”

“ನೀವು ಹೊಟ್ಟೆ ನೋಡ್ತೀರಿ. ನಾನು ಮುಖ ನೋಡ್ತೀನಿ. ಏನೋ ಮುಚ್ಚಿಡೋ ಮಕ್ಕಳ ಮುಖ ನನಗೆ ಗೊತ್ತಾಗಿಬಿಡುತ್ತೆ.”

ನರ್ಸಮ್ಮ ನಕ್ಕರು. ಹೋದ ವರ್ಷ ಮಗಳು ಗೋಡೆಗೆ ಮುಖಮಾಡಿ ಮಲಗಿದ್ದ ದಿನಗಳು ನರ್ಸಮ್ಮನವರಿಗೆ ನೆನಪಾದವು. ತಾವು ಸಾರು, ಔಷಧಿ, ಬಿಸಿನೀರು ಎಂದು ಓಡಾಡುತ್ತಿದ್ದರೆ ಈ ಹೆಂಗಸು ಒಂದು ಕುರ್ಚಿ ಎಳೆದುಕೊಂಡು ಸೊಸೆಯ ಪಕ್ಕ ಕೂತು, ದಿನಾ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಜಾಹೀರಾತನ್ನೂ ಬಿಡದೆ ಗಟ್ಟಿಯಾಗಿ ಓದುತ್ತಿದ್ದರು. ಇದೇನು ಕಲ್ಲುಹೃದಯವಪ್ಪ ಎಂದು ಆಗ ಅನ್ನಿಸಿತ್ತು. ಕೆಲವು ದಿನಗಳಾದ ಮೇಲೆ ಮಗಳು ಮೊದಲ ಸಲ ನಕ್ಕದ್ದು ಮಾತ್ರ ಆ ಓದಿಗೇ, ಹಳೆಯ ಕುರ್ಚಿ ಮಾರಾಟಕ್ಕಿದೆ ಎಂಬ ಜಾಹೀರಾತೊಂದನ್ನು ಹೆಡ್‌ಮೇಡಂ ಪಾಠದ ದನಿಯಲ್ಲಿ ಓದಿದಾಗ. ಅದನ್ನು ಈಗ ಹೇಳಿದರು. ಹೆಡ್‌ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, ನನಗೆ ಸಮಾಧಾನ ಹೇಳೋಕೆ ಬರಲ್ಲ, ಓದೋಕೆ ಬರುತ್ತೆ ಎಂದರು.

ಅವಳಾಗಿ ಹೇಳುವ ತನಕ ಏನೂ ತಿಳಿಯದವರ ಹಾಗೆ ಇರಬೇಕೆಂದು ಅಲ್ಲೇ ಒಪ್ಪಂದವಾಯಿತು. ಬೀಗಿತ್ತಿಯರಿಬ್ಬರೂ ಬಾಯಿಗೆ ಬೀಗ ಜಡಿದುಕೊಂಡರು. ಆಮೇಲೆ ಮಲಗುವ ಏರ್ಪಾಡನ್ನು ಕೈಗೆತ್ತಿಕೊಂಡರು. ಅವಳಿಗೆ ಒಂದು ಮಂಚ ಪೂರ್ತಿ ಬೇಕು, ಯಾರ ಒದೆಯೂ ತಾಗಬಾರದು. ಪಕ್ಕದ ಮಂಚದಲ್ಲಿ ಹೆಡ್‌ಮೇಡಂ. ಮೇಲೆ ನರ್ಸಮ್ಮ. ಸೋಫಾದಲ್ಲಿ ಅಪ್ಪ ಮಗಳು. ಬುಗುರಿಯ ಒದೆ ತಿನ್ನುವುದು ಹೆತ್ತಪ್ಪನ ಹಕ್ಕು.

ಸಂಜೆ ಇದನ್ನು ಪ್ರಕಟಿಸಿದಾಗ ಕೋಣೆಯಲ್ಲಿ ದೊಡ್ಡ ತಕರಾರೇ ಎದ್ದಿತು. ಗಂಡ ಹೆಂಡತಿಯನ್ನು ಯಾಕೆ ಬೇರೆ ಮಾಡುತ್ತೀರಿ ಎಂದು ಅಳಿಯ ಕೇಳಿದ. ಶಿಸ್ತಿಗಾಗಿ ಎಂದರು ಹೆಡ್‌ಮೇಡಂ. ರಾತ್ರಿ ನನಗೆ ನೀರು ಕೊಡುವುದಕ್ಕೆ ಸೊಸೆ ಪಕ್ಕದಲ್ಲಿರಬೇಕು ಎಂದೂ ಸೇರಿಸಿದರು. ಛೆ, ಅವಳನ್ನು ರಾತ್ರಿ ಎಬ್ಬಿಸೋದೇ, ನೀರಿನ ಲೋಟ ನಿಮ್ಮ ತಲೆಯ ಹತ್ತಿರವೇ ಇಡ್ತೀನಿ ಎಂದು ನರ್ಸಮ್ಮ ನಡುವೆ ಬಾಯಿಹಾಕಿ, ಬೀಗಿತ್ತಿ ಕಟ್ಟಿದ ನೆಪವನ್ನು ತಾವೇ ಕೆಡವಿದರು. ಹಾಗಾದರೆ ನಾನು ಯಾಕೆ ಅಲ್ಲಿ ಎಂದಳು ಮಗಳು. ಆ ಕಡೆ ಗಾಳಿ ಚೆನ್ನಾಗಿದೆ ಎಂದರು ಒಬ್ಬರು. ಆ ಕಡೆ ಗಾಳಿ ಕಡಿಮೆ, ಅದಕ್ಕೇ ಒಳ್ಳೆಯದು ಎಂದರು ಇನ್ನೊಬ್ಬರು, ಅದೇ ಉಸಿರಿಗೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಯಿತು. ಕೀಲಿಯಕ್ಕ ದಿಂಬುಗಳನ್ನು ಹೊತ್ತುಕೊಂಡು ಬಾಗಿಲಲ್ಲೇ ನಿಂತು, ಯಾವ ದಿಂಬು ಎಲ್ಲಿಗೆ ಎಂದು ಕಾಯುತ್ತಿದ್ದಳು.

ಮಗಳು ಸೋಫಾದ ಮೇಲೆ ಕೂತುಬಿಟ್ಟಳು. ಅವಳ ಮುಖದಲ್ಲಿ ನಗು ಅಳು ಎರಡೂ ಇದ್ದವು.

“ನಿಮ್ಮಿಬ್ಬರನ್ನೂ ಯಾಕೆ ಕರ್ಕೊಂಡು ಬಂದೆ ಗೊತ್ತಾ? ಒಂದು ವಿಷಯ ಹೇಳಬೇಕು ಅಂತ. ಒಳ್ಳೇ ಹೊತ್ತು ನೋಡಿ ಹೇಳೋಣ ಅಂದ್ರೆ, ನಿನ್ನೆಯಿಂದ ಬರೀ ಹಾಸಿಗೆ, ಏಣಿ, ದಿಂಬು. ಡಾಕ್ಟರು ಈಗ ಎಲ್ಲ ಚೆನ್ನಾಗಿದೆ, ಪ್ರಯಾಣ ಮಾಡಬಹುದು ಅಂದಿದ್ದಾರೆ. ನಾನು...”

“ಹೌದಾ? ಗೊತ್ತೇ ಇರಲಿಲ್ಲ!” ಎಂದುಬಿಟ್ಟರು ಹೆಡ್‌ಮೇಡಂ, ಇಡೀ ಶಾಲೆಗೆ ಕೇಳುವಂತೆ.

ಮಗಳು ಬಾಯಿ ತೆರೆದವಳು ತೆರೆದಂತೆಯೇ ಉಳಿದಳು. “ನಾನಿನ್ನೂ ಹೇಳೇ ಇಲ್ಲ ಅತ್ತೆ.”

ನರ್ಸಮ್ಮ ಬೀಗಿತ್ತಿಯ ಕಡೆ ನೋಡಿದರು. ಇಷ್ಟು ಕೆಟ್ಟ ನಟನೆಯನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ನಗು ತಡೆಯಲು ಸೆರಗಿನಂತೆ ದಿಂಬನ್ನೇ ಬಾಯಿಗೆ ಒತ್ತಿಕೊಂಡರು, ಅದು ನಿಲ್ಲಲಿಲ್ಲ. ಅವರ ನಗು ಹೆಡ್‌ಮೇಡಂ ಅವರಿಗೆ ಹತ್ತಿತು, ಅಲ್ಲಿಂದ ಅಳಿಯನಿಗೆ. ಮಗಳು ಇಬ್ಬರ ಮುಖವನ್ನೂ ಮತ್ತೆ ಮತ್ತೆ ನೋಡಿ, ಎಲ್ಲ ಅರ್ಥವಾಗಿ, ತಾಯಿಯ ಕುತ್ತಿಗೆಗೆ ಜೋತುಬಿದ್ದು ಸ್ವಲ್ಪ ಅತ್ತಳು. ನರ್ಸಮ್ಮ ಅವಳ ಬೆನ್ನು ಸವರುತ್ತ, ಈ ಸಲ ಸಾವಕಾಶವಾಗಿ ಹೇಳಿದ್ದೇ ಒಳ್ಳೆಯದಾಯ್ತು, ನಾವು ಕಾಯ್ತಿದ್ದೆವು ಎಂದಷ್ಟೇ ಹೇಳಿದರು. ಹೆಡ್‌ಮೇಡಂ ಏನು ಮಾಡಬೇಕೆಂದು ತೋಚದೆ ಸೊಸೆಯ ತಲೆಯ ಮೇಲೆ ಎರಡು ಸಲ, ಕಾಪಿಪುಸ್ತಕಕ್ಕೆ ಸಹಿ ಹಾಕಿದ ಹಾಗೆ, ಮೆಲ್ಲಗೆ ತಟ್ಟಿದರು.

ವಿಷಯ ಏನೆಂದು ಬುಗುರಿಗೆ ಬಿಡಿಸಿ ಹೇಳಲಾಯಿತು. ಸದ್ಯಕ್ಕೆ ಯಾರಿಗೂ ಹೇಳಬಾರದು ಎಂದೂ ಹೇಳಲಾಯಿತು. ಅವಳು ತಲೆಯಾಡಿಸಿ, ನೇರವಾಗಿ ಬಾಗಿಲಿಗೆ ಹೋಗಿ ಕೀಲಿಯಕ್ಕನಿಗೆ ಹೇಳಿದಳು. ರಾತ್ರಿಯ ಊಟದ ಹೊತ್ತಿಗೆ ಪಕ್ಕದ ಮೇಜಿನ ಮುದುಕ, ಬಡಿಸುವವರು, ಪಿಯಾನೋ ನುಡಿಸುವವನು ಎಲ್ಲರೂ ಮಗಳನ್ನು ನೋಡಿ ನಗುತ್ತಿದ್ದರು. ಮಗಳು ಕೋಪಿಸಿಕೊಳ್ಳಲಿಲ್ಲ. ಹೇಳಲಿ ಬಿಡಿ ಎಂದಳು, ಎರಡನೇ ಸಲ ಬಡಿಸಿಕೊಳ್ಳುತ್ತ.

ಮಲಗುವ ಏರ್ಪಾಡನ್ನು ಕೊನೆಗೆ ಅವಳೇ ತೀರ್ಮಾನಿಸಿದಳು. ಕೂಡಿಸಿದ ಮಂಚದ ಮೇಲೆ ಗಂಡ ಹೆಂಡತಿ, ಏಕೆಂದರೆ ಅವನ ಬೆನ್ನಿಗೆ ಬೆನ್ನು ಕೊಟ್ಟರೆ ಮಾತ್ರ ಅವಳಿಗೆ ನಿದ್ದೆ. ಸ್ವರ್ಗದಂಥ ಮೇಲಿನ ಹಾಸಿಗೆ ನರ್ಸಮ್ಮನವರಿಗೆ. ಅದನ್ನು ಬಿಟ್ಟುಕೊಡಿ ಎಂದಿದ್ದರೂ ಅವರು ಈಗ ಕೊಡುತ್ತಿರಲಿಲ್ಲ. ಸೋಫಾದಲ್ಲಿ ಹೆಡ್‌ಮೇಡಂ ಮತ್ತು ಬುಗುರಿ. ಒದೆಯ ಚಿಂತೆಗೆ ನರ್ಸಮ್ಮ ಎರಡು ಹೊದಿಕೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ ಇಬ್ಬರ ನಡುವೆ ಅಣೆಕಟ್ಟಿನ ಹಾಗೆ ಇಟ್ಟರು. ಬುಗುರಿ ಅದನ್ನು ತಬ್ಬಿಕೊಂಡು ಮಲಗಿದವಳು ಅಲ್ಲಿಂದ ಕದಲಲೇ ಇಲ್ಲ. ಯಾರೂ ಯಾರಿಗೂ ನೀವು ಮಲಗಿ ಎನ್ನಲಿಲ್ಲ. ಎಲ್ಲರೂ ಸುಮ್ಮನೆ ಮಲಗಿದರು.

ಮರುದಿನ ಬಾಗಿಲು ಬಡಿದ ಸದ್ದಿಗೆ ನರ್ಸಮ್ಮನವರಿಗೆ ಎಚ್ಚರವಾಯಿತು. ಪರದೆಯ ಸಂದಿನಿಂದ ಬಿಸಿಲು ಚಾವಣಿಯ ತನಕ ಬಂದಿತ್ತು. ಹೊರಗೆ ಕೀಲಿಯಕ್ಕ, ಕೋಣೆ ಗುಡಿಸಬಹುದೇ ಎಂದು ಕೇಳುತ್ತಿದ್ದಳು. ಐವರೂ ಒಬ್ಬರ ಮೇಲೊಬ್ಬರು ಬಿದ್ದು, ಒಂದೇ ಬಚ್ಚಲಿಗೆ ಸಾಲು ನಿಂತು, ತಲೆ ಬಾಚದೆ ಊಟದ ಮನೆಗೆ ಓಡಿದರೆ ಅಲ್ಲಿ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಡುತ್ತಿದ್ದರು. ತಿಂಡಿ ಮುಗಿದಿತ್ತು. ಹೆಡ್‌ಮೇಡಂ ಗೋಡೆಯ ಗಡಿಯಾರವನ್ನು ನಂಬದೆ ಅಡುಗೆಯವನನ್ನು ಹೊತ್ತೆಷ್ಟು ಎಂದು ಕೇಳಿದರು. ಅವನು ಮಗಳನ್ನು ನೋಡಿ ಗುರುತು ಹಿಡಿದು, ಒಳಗೆ ಹೋಗಿ ಉಳಿದ ಬನ್ನುಗಳು, ಬೆಣ್ಣೆ, ಒಂದು ಹೂಜಿ ಹಾಲು ತಂದುಕೊಟ್ಟ.

ಅವನ್ನೆತ್ತಿಕೊಂಡು ಡೆಕ್ಕಿನ ಮೇಲೆ ಕೂತು ತಿಂದರು. ಗಾಳಿಗೆ ಕಾಗದದ ಕರವಸ್ತ್ರವೊಂದು ಹಾರಿತು, ಬುಗುರಿ ಅದರ ಹಿಂದೆ ಓಡಿದಳು. ಮಗಳು ಏಳಲು ಹೋದಾಗ ಎರಡು ತಲೆಗಳು ಒಟ್ಟಿಗೇ ತಿರುಗಿದವು.

“ಓಡಲ್ಲ, ಕೂತ್ಕೊಳ್ಳಿ ಇಬ್ಬರೂ,” ಎಂದಳು. “ಇನ್ನೊಂದು ಬನ್ನಿದೆಯಾ?”

ಬುಟ್ಟಿ ಖಾಲಿಯಾಗಿತ್ತು. ನರ್ಸಮ್ಮ ತಮ್ಮ ಪಾಲಿನದನ್ನು ಮುಂದೆ ಹಿಡಿದರು. ಹೆಡ್‌ಮೇಡಂ ತಮ್ಮದನ್ನು ಮುಂದೆ ಹಿಡಿದರು. ಮಗಳು ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿ, ಎರಡನ್ನೂ ತೆಗೆದುಕೊಂಡಳು.